ಹಳೆಯ ಏರ್ ರೈಫಲ್‌ನಲ್ಲಿ ಸವೆಯುವುದು ಯಾವುದು?

ಸೆಕೆಂಡ್ ಹ್ಯಾಂಡ್ ಏರ್ ರೈಫಲ್ ಕೊಳ್ಳಲು ಬಂದವರು ಮೊದಲು ನಳಿಕೆಯೊಳಗೆ ಕಣ್ಣಿಟ್ಟು ನೋಡುತ್ತಾರೆ. ಸವೆದಿದ್ದರೆ ಅದೇ ಸವೆದಿರಬೇಕು ಎಂಬ ಅನುಮಾನ. ಆದರೆ ಇಡೀ ಯಂತ್ರದಲ್ಲಿ ಬಹುಕಾಲ ಬಾಳುವುದು ನಳಿಕೆಯೇ. ಮದ್ದಿನ ಬಂದೂಕಿನಲ್ಲಿ ಪ್ರತಿ ಸಲವೂ ಬಿಸಿ ಅನಿಲ ನುಗ್ಗಿ ಉಕ್ಕನ್ನು ತಿನ್ನುತ್ತದೆ. ಇಲ್ಲಿ ಬೆಂಕಿಯೇ ಇಲ್ಲ. ಒಳಗೆ ಓಡುವುದು ಗಾಳಿ ಮತ್ತು ಉಗುರಿನಲ್ಲಿ ಗೀರಿದರೂ ಗುರುತು ಬೀಳುವಷ್ಟು ಮೆತ್ತನೆಯ ಸೀಸದ ಪೆಲೆಟ್. ನಳಿಕೆ ಕೆಟ್ಟಿದ್ದರೆ ಅದಕ್ಕೆ ತುಕ್ಕೋ, ಒರಟಾಗಿ ಶುಚಿ ಮಾಡಿದ ಕೈಯೋ ಕಾರಣವಾಗಿರುತ್ತದೆ.

ನಾನು ಹೇಳುತ್ತಿರುವುದು 10 ಮೀಟರ್ ಸ್ಪರ್ಧೆಯ ರೈಫಲ್ ಕುರಿತು. ಈ ಸ್ಪರ್ಧೆ ಒಲಿಂಪಿಕ್ಸ್ ಸೇರಿದ್ದು 1984ರಲ್ಲಿ. ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದ ಸುಮಾ ಶಿರೂರು 2004ರಲ್ಲಿ ಅಥೆನ್ಸ್‌ನಲ್ಲಿ ಇದರ ಫೈನಲ್ ತಲುಪಿದರು. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದರು. ಗುರಿಹಲಗೆಯ ನಟ್ಟನಡುವಿನ ಹತ್ತು ಅಂಕದ ಚುಕ್ಕೆಯ ಅಗಲ ಕೇವಲ ಅರ್ಧ ಮಿಲಿಮೀಟರ್. ಸುಮಾರು 0.53 ಗ್ರಾಂ ತೂಕದ ಪೆಲೆಟ್ ಸೆಕೆಂಡಿಗೆ 170 ಮೀಟರ್ ವೇಗದಲ್ಲಿ ಹೊರಟರೆ ಅದರ ಶಕ್ತಿ 8 ಜೂಲ್ ಕೂಡ ಆಗದು. ಇಲ್ಲಿ ಬೇಕಾದದ್ದು ಬಲವಲ್ಲ. ನೂರನೆಯ ಪೆಲೆಟ್ ಮೊದಲನೆಯದರ ವೇಗದಲ್ಲೇ ಹೋಗಬೇಕು, ಅಷ್ಟೇ.

ಆ ಸಮತೆ ಬರುವುದು ರೆಗ್ಯುಲೇಟರಿನಿಂದ. ನಳಿಕೆಯ ಕೆಳಗಿನ ಸಿಲಿಂಡರಿನಲ್ಲಿ ಗಾಳಿ ಸುಮಾರು 200 ಬಾರ್ ಒತ್ತಡದಲ್ಲಿರುತ್ತದೆ, ಅಂದರೆ ನಮ್ಮ ಸುತ್ತಲಿನ ವಾತಾವರಣದ ಒತ್ತಡದ 200 ಪಟ್ಟು. ಹೊಡೆದಂತೆಲ್ಲ ಅದು ಇಳಿಯುತ್ತ ಹೋಗುತ್ತದೆ. ರೆಗ್ಯುಲೇಟರ್ ಆ ಏರಿಳಿತವನ್ನು ತಡೆದು, ಮುಂದಿನ ಪುಟ್ಟ ಕೋಣೆಗೆ ಕಡಿಮೆಯಾದ, ಒಂದೇ ಮಟ್ಟದ ಒತ್ತಡದ ಗಾಳಿಯನ್ನು ಬಿಡುತ್ತದೆ. ಟ್ರಿಗರ್ ಒತ್ತಿದಾಗ ಸುತ್ತಿಗೆ ಕವಾಟಕ್ಕೆ ಬಡಿದು ಆ ಗಾಳಿ ಪೆಲೆಟ್ಟನ್ನು ತಳ್ಳುತ್ತದೆ. ಈ ದಾರಿಯುದ್ದಕ್ಕೂ ಗಾಳಿ ಸೋರದಂತೆ ತಡೆಯುವ ರಬ್ಬರ್ ಉಂಗುರಗಳಿವೆ. ಹಳೆಯ ಕುಕ್ಕರಿನ ಗ್ಯಾಸ್ಕೆಟ್ಟಿನಂತೆ ಅವು ಬಳಸದೆ ಇಟ್ಟರೂ ಬಿರುಸಾಗುತ್ತವೆ. ಆದ್ದರಿಂದ "ನಾಲ್ಕು ವರ್ಷ ಪೆಟ್ಟಿಗೆಯಿಂದ ತೆಗೆದೇ ಇಲ್ಲ" ಎಂಬ ಮಾತು ಮಾರುವವರಿಗೆ ಹೆಮ್ಮೆಯದಿರಬಹುದು, ಕೊಳ್ಳುವವರಿಗೆ ಅದು ಸರ್ವಿಸ್ ಖರ್ಚಿನ ಸೂಚನೆ. ವೇಗ ಅಳೆಯುವ ಕ್ರೋನೋಗ್ರಾಫ್ ಇಟ್ಟು ಇಪ್ಪತ್ತು ಸಲ ಹೊಡೆದು ನೋಡಿ. ಸ್ವಲ್ಪ ಹೊತ್ತು ಬಿಟ್ಟು ಹೊಡೆದ ಪೆಲೆಟ್ ಉಳಿದವುಗಳಿಗಿಂತ ವೇಗವಾಗಿ ಹೋದರೆ ರೆಗ್ಯುಲೇಟರ್ ಒಳಗೊಳಗೇ ಸೋರುತ್ತಿದೆ.

ಇದೆಲ್ಲಕ್ಕಿಂತ ಮುಖ್ಯವಾದುದು ಸಿಲಿಂಡರಿನ ಮೇಲೆ ಕೊರೆದ ತಯಾರಿಕೆಯ ದಿನಾಂಕ. ಪ್ರತಿ ಸಲ ಗಾಳಿ ತುಂಬಿದಾಗ ಲೋಹ ಕಣ್ಣಿಗೆ ಕಾಣದಷ್ಟು ಹಿಗ್ಗುತ್ತದೆ, ಖಾಲಿಯಾದಾಗ ಕುಗ್ಗುತ್ತದೆ. ವರ್ಷಗಟ್ಟಲೆ ಹೀಗಾದರೆ ದಣಿಯುತ್ತದೆ. ಕೈಪಂಪಿನ ಗಾಳಿಯ ಜೊತೆ ತೇವವೂ ಒಳಗೆ ಹೋಗುತ್ತದೆ. ತಯಾರಕರು ಸಾಮಾನ್ಯವಾಗಿ ಹತ್ತು ವರ್ಷದ ಅವಧಿ ಕೊಡುತ್ತಾರೆ, ಅವಧಿ ಮೀರದಂತೆ ನೋಡಿಕೊಳ್ಳುವ ಹೊಣೆ ಸ್ಪರ್ಧೆಯ ನಿಯಮದ ಪ್ರಕಾರ ಶೂಟರ್‌ನದೇ. ಅವಧಿ ಮುಗಿದ ಸಿಲಿಂಡರನ್ನು "ಇನ್ನೂ ಗಟ್ಟಿಯಾಗಿದೆ" ಎಂದು ಮಾರುವುದು ತಪ್ಪು. ಕೆನ್ನೆಯ ಪಕ್ಕದಲ್ಲಿರುವ ವಸ್ತು ಅದು.

ಇನ್ನು ಒಬ್ಬರ ಮೈಗೆ ಹೊಂದಿಸಿದ ಭಾಗಗಳು. ಕೆನ್ನೆಪಟ್ಟಿ, ಭುಜಕ್ಕೊತ್ತುವ ಬಟ್‌ಪ್ಲೇಟ್, ಅಂಗೈ ಅಚ್ಚಿಗೆ ಕೆತ್ತಿದ ಮರದ ಗ್ರಿಪ್: ಇವಕ್ಕೆ ಮೊದಲ ಮಾಲೀಕರು ಸುರಿದ ಹಣ ಮಾರುವಾಗ ಪೂರ್ತಿ ಮರಳುವುದಿಲ್ಲ. ತಿರುಪು ಸಡಿಲಿಸಿ ಸರಿಸಬಹುದಾದದ್ದಕ್ಕೆ ಬೆಲೆ ಉಂಟು. ಕೆತ್ತಿದ್ದಕ್ಕೆ ಅದೇ ಅಳತೆಯ ಕೈ ಸಿಗಬೇಕು. ಮೈಗೆ ಹೊಲಿಸಿದ ಶೂಟಿಂಗ್ ಜಾಕೆಟ್‌ನ ಪಾಡೂ ಅದೇ. ಕಾರ್ಖಾನೆಯಿಂದ ಬಂದ ಮೂಲ ಭಾಗಗಳನ್ನು ಎತ್ತಿಟ್ಟವರು ಜಾಣರು. ಡಯಾಪ್ಟರ್ ಎಂಬ ಸಣ್ಣ ರಂಧ್ರದ ಹಿಂಗುರಿ ಮಾತ್ರ ಚೆನ್ನಾಗಿ ಕೈ ಬದಲಾಯಿಸುತ್ತದೆ. ಅದರ ಕ್ಲಿಕ್‌ಗಳು ಎರಡೂ ದಿಕ್ಕಿಗೆ ಸಮನಾಗಿ ಕೆಲಸ ಮಾಡುತ್ತವೆಯೇ ಎಂದು ಹೊಡೆದೇ ನೋಡಬೇಕು.

ಭಾರತದಲ್ಲಿ 20 ಜೂಲ್ ಮೀರಿದ ಅಥವಾ 4.5 ಮಿಲಿಮೀಟರಿಗಿಂತ ದೊಡ್ಡ ನಳಿಕೆಯ ಏರ್‌ಗನ್‌ಗೆ ಲೈಸೆನ್ಸ್ ಬೇಕು. ಸ್ಪರ್ಧೆಯ ರೈಫಲ್ ಈ ಮಿತಿಯೊಳಗೇ ಇದೆ. ಆದರೂ ಮಾರುವಾಗ ಕೊಂಡವರ ಗುರುತಿನ ಚೀಟಿಯ ಪ್ರತಿ, ಸಹಿ ಹಾಕಿದ ರಸೀದಿ ಇಟ್ಟುಕೊಳ್ಳಿ. ಪಾರ್ಸಲ್ ಕಳಿಸುವ ಮೊದಲು ಸಿಲಿಂಡರ್ ಖಾಲಿ ಮಾಡಿ. ನಿಮ್ಮ ನಳಿಕೆಗೆ ಯಾವ ಪೆಲೆಟ್ ಒಗ್ಗಿತ್ತು ಎಂಬುದನ್ನೂ ಬರೆದುಕೊಡಿ. ಹೊಸಬರಿಗೆ ಎಷ್ಟೋ ಪೆಟ್ಟಿಗೆ ಪೆಲೆಟ್‌ಗಳ ಖರ್ಚು ಉಳಿಯುತ್ತದೆ.