ಎರಿ ಮಣ್ಣಿನ ಹಿತ್ತಲಲ್ಲಿ ಗುಲಾಬಿ ಯಾಕೆ ಹಳದಿ?

ಗದಗ ಜಿಲ್ಲೆಯ ರೋಣ ತಾಲ್ಲೂಕಿನ ಓದುಗರೊಬ್ಬರು ಕೇಳಿದ್ದಾರೆ: “ನಮ್ಮ ಹಿತ್ತಲದಾಗ ಅಪ್ಪಟ ಎರಿ ಮಣ್ಣು ಐತ್ರಿ. ಇಷ್ಟು ಕರ್ರಗ, ಸಾರ ಇರೋ ಮಣ್ಣಿನಾಗ ಗುಲಾಬಿ, ದಾಸವಾಳ ಯಾಕ ಹಳದಿ ಆಗತಾವ? ಬುಡಕ್ಕ ತುಕ್ಕು ಹಿಡಿದ ಮೊಳಿ ಹಾಕೇನಿ, ಉಸುಕೂ ಬೆರೆಸೇನಿ.”

ಮೊದಲು ಬಣ್ಣದ ವಿಚಾರ. ಕಪ್ಪಗಿದ್ದರೆ ಸಾರ ಹೆಚ್ಚು ಎಂಬ ನಂಬಿಕೆ ಎಷ್ಟು ಗಟ್ಟಿಯೆಂದರೆ, ಎರಿ ಹೊಲಕ್ಕೆ ಗೊಬ್ಬರ ಯಾಕೆ ಎಂದು ಕೇಳುವವರೂ ಇದ್ದಾರೆ. ವಾಸ್ತವದಲ್ಲಿ ಈ ಹೊಲಗಳಲ್ಲಿ ಸಾವಯವ ಇಂಗಾಲ ಸಾಮಾನ್ಯವಾಗಿ ಶೇ. 1ನ್ನೂ ಮುಟ್ಟುವುದಿಲ್ಲ. ಇರುವ ಚೂರುಪಾರು ಹ್ಯೂಮಸ್ ಜೇಡಿಯ ಕಣಗಳಿಗೆ ಬಿಗಿಯಾಗಿ ಅಂಟಿಕೊಂಡು ಇಡೀ ಮಣ್ಣಿಗೆ ಕಪ್ಪು ಬಳಿದುಬಿಡುತ್ತದೆ. ಸಾರಜನಕಕ್ಕೆ ಇಲ್ಲಿ ಬಡತನವೇ. ಎರಿಯ ನಿಜವಾದ ಸಿರಿವಂತಿಕೆ ಇರುವುದು ನೀರು ಹಿಡಿದಿಡುವ ತಾಕತ್ತಿನಲ್ಲಿ. ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ ಬೀಳುವ ಜಿಲ್ಲೆಯಲ್ಲಿ, ಮಳೆ ಹಿಂದಾದ ಮೇಲೂ ಹಿಂಗಾರಿ ಜೋಳ, ಕಡಲೆ, ಕುಸುಬಿ ತೆನೆಗಟ್ಟುವುದು ಆ ತಾಕತ್ತಿನಿಂದ.

ಈ ಕೆಲಸ ಮಾಡುವುದು ಸ್ಮೆಕ್ಟೈಟ್ ಎಂಬ ಜೇಡಿ ಖನಿಜ. ಅದರ ಒಂದೊಂದು ಪದರದ ದಪ್ಪ ಹೆಚ್ಚುಕಡಿಮೆ ಒಂದು ನ್ಯಾನೋಮೀಟರು. ಆ ಪದರಗಳನ್ನೆಲ್ಲ ಬಿಡಿಸಿ ಹಾಸಿದರೆ, ಶುದ್ಧ ಖನಿಜದ ಒಂದೇ ಗ್ರಾಂ 700–800 ಚದರ ಮೀಟರು ಹರಡುತ್ತದೆ. ಅಂದರೆ 30x40ರ ಆರೇಳು ಸೈಟು! ನೀರು ಪದರಗಳ ನಡುವೆ ನುಗ್ಗಿದರೆ ಮಣ್ಣು ಉಬ್ಬುತ್ತದೆ, ಆರಿದರೆ ಕುಗ್ಗುತ್ತದೆ.

ನನಗೆ ಎಂದೂ ಬೇಸರ ತರಿಸದ ಸಂಗತಿ ಇದರ ಮುಂದಿನದು. ಬೇಸಿಗೆಯಲ್ಲಿ ಎರಿ ಬಾಯಿ ಬಿಡುತ್ತದೆ. ಬಿರುಕಿನೊಳಗೆ ತೋಳು ಹೋಗುತ್ತದೆ. ಮೇಲಿನ ಪುಡಿಮಣ್ಣು, ಕಸಕಡ್ಡಿ ಎಲ್ಲ ಅದರೊಳಗೆ ಉದುರುತ್ತವೆ. ಮಳೆ ಬಂದಾಗ ಕೆಳಗಿನ ಮಣ್ಣು ಉಬ್ಬುತ್ತದೆ. ಆದರೆ ಬಿರುಕಿನ ಜಾಗದಲ್ಲಿ ಆಗಲೇ ಬೇರೆ ಮಣ್ಣು ತುಂಬಿದೆಯಲ್ಲ! ಎಲ್ಲಿಗೆ ಹೋಗಬೇಕು? ಓರೆಯಾಗಿ ಜಾರುತ್ತ ಮೇಲಕ್ಕೆ ತಳ್ಳಿಕೊಳ್ಳುತ್ತದೆ. ನರಗುಂದದ ಕಡೆ ಹೊಸದಾಗಿ ತೋಡಿದ ಕೃಷಿಹೊಂಡವೊಂದರ ಗೋಡೆಯಲ್ಲಿ ಈ ಜಾರಿಕೆಯ ಗುರುತು ನೋಡಿದ್ದೇನೆ: ಪಾಲಿಶ್ ಮಾಡಿಟ್ಟಂತೆ ಹೊಳೆಯುವ, ಗೀರು ಬಿದ್ದ ಓರೆ ಮೈಗಳು. ಮಣ್ಣು ಮಣ್ಣನ್ನೇ ತಿಕ್ಕಿ ಮಾಡಿದ ಹೊಳಪು ಅದು. ಹೊಲದಲ್ಲಿ ಆರಿಸಿದಷ್ಟೂ ಸುಣ್ಣಕಲ್ಲಿನ ಹರಳು ಮತ್ತೆ ಮೇಲೆ ಬರುವುದಕ್ಕೂ ಈ ತಳ್ಳಾಟಕ್ಕೂ ಸಂಬಂಧವಿದೆ. ಹಾಗೆಂದು ಎರಿ ಪೂರ್ತಿ ತಲೆಕೆಳಗಾಗುತ್ತದೆ ಎಂದುಕೊಳ್ಳಬೇಡಿ. ವಿಕಿರಣ ಇಂಗಾಲದಿಂದ ಲೆಕ್ಕ ಹಾಕಿದಾಗ ಆಳಕ್ಕಿಳಿದಂತೆ ಮಣ್ಣಿನ ಇಂಗಾಲದ ವಯಸ್ಸು ಹೆಚ್ಚುತ್ತಲೇ ಹೋಗುವುದು ಕಂಡಿದೆ. ಕಲಸುವಿಕೆ ಬಲು ನಿಧಾನ, ಅರೆಬರೆ.

ಇದೇ ಉಬ್ಬರವಿಳಿತಕ್ಕೆ ಮನೆಯ ಗೋಡೆಗಳೂ ಸೀಳುತ್ತವೆ. ಆಗ ನಮ್ಮವರು ವಾಸ್ತುವಿನವರನ್ನು ಕರೆಸಿ, ಚೆನ್ನಾಗಿದ್ದ ಬಾಗಿಲು ಮುಚ್ಚಿಸಿ, ಇನ್ನೊಂದು ಗೋಡೆ ಒಡೆಸುತ್ತಾರೆ! ಬುನಾದಿಯ ಕೆಳಗಿನ ಜೇಡಿಗೆ ಈಶಾನ್ಯವೂ ಗೊತ್ತಿಲ್ಲ, ನೈಋತ್ಯವೂ ಗೊತ್ತಿಲ್ಲ. ಇಂಥ ನೆಲಕ್ಕೆಂದೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬುಡ ಅಗಲಿಸಿದ ಕಾಂಕ್ರೀಟ್ ಕಂಬಗಳ ಬುನಾದಿಯನ್ನು ರೂಪಿಸಿ ದಶಕಗಳೇ ಆದವು. ದುಡ್ಡು ಅದಕ್ಕೆ ಖರ್ಚು ಮಾಡಿ.

ಗುಲಾಬಿಗೆ ಬರೋಣ. ಹಳೆಯ ಎಲೆ ಮೊದಲು ಹಳದಿಯಾದರೆ ಸಾರಜನಕದ ಕೊರತೆ. ಚಿಗುರೆಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದಿದ್ದರೆ ಅದು ಬಹುತೇಕ ಕಬ್ಬಿಣದ ಹಸಿವು. ತಮಾಷೆಯೆಂದರೆ ಮಣ್ಣಿನಲ್ಲಿ ಕಬ್ಬಿಣ ಬೇಕಾದಷ್ಟಿದೆ. ಸುಣ್ಣದ ಅಂಶ ಹೆಚ್ಚಿರುವ ಈ ಮಣ್ಣಿನ ರಸಸಾರ ಸಾಮಾನ್ಯವಾಗಿ 8ರ ಆಸುಪಾಸು. ಅಲ್ಲಿ ಕಬ್ಬಿಣ ಕರಗುವುದಿಲ್ಲ, ಬೇರಿಗೆ ಸಿಗುವುದಿಲ್ಲ. ನೀರು ನಿಂತರೆ ಇನ್ನೂ ಕಷ್ಟ. ತುಕ್ಕು ಎಂದರೆ ಅದೇ ಕರಗದ ಕಬ್ಬಿಣ. ಮೊಳೆಗಳನ್ನು ತೆಗೆದುಬಿಡಿ, ಗುದ್ದಲಿ ಹಿಡಿದಾಗ ಕಾಲಿಗೆ ಚುಚ್ಚೀತು. ಸದ್ಯಕ್ಕೆ ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, ಚಿಟಿಕೆ ಸಿಟ್ರಿಕ್ ಆಮ್ಲ ಬೆರೆಸಿ ಸಂಜೆ ಹೊತ್ತು ಎಲೆಗೆ ಸಿಂಪಡಿಸಿ.

ಉಸುಕೂ ಸಾಕು. ಎರಿಯ ಗುಣ ಬದಲಾಗಬೇಕಾದರೆ ಅರ್ಧಕ್ಕಿಂತ ಹೆಚ್ಚು ಉಸುಕೇ ಬೇಕು. ನಾಲ್ಕು ಬುಟ್ಟಿ ಹಾಕಿದರೆ ಜೇಡಿ ಅದನ್ನು ನುಂಗಿ ಇನ್ನಷ್ಟು ಗಟ್ಟಿಯಾಗುತ್ತದೆ. ಬದಲಿಗೆ ತಿಪ್ಪೆಗೊಬ್ಬರ ಧಾರಾಳವಾಗಿ ಹಾಕಿ, ಮಡಿಗಳನ್ನು ಒಂದಡಿ ಎತ್ತರಿಸಿ, ಬೇಸಿಗೆಯಲ್ಲಿ ಕಣಕಿ, ಒಣ ಎಲೆ ಮುಚ್ಚಿ. ಹಸಿ ಇದ್ದಾಗ ಕೆದಕಿದರೆ ಹೆಂಟೆ ಏಳುತ್ತದೆ. ಹದ ನೋಡಿ ಕೈ ಹಾಕಿ. ಕೊಳವೆಬಾವಿಯ ನೀರು ಸವುಳಾಗಿದ್ದರೆ ಮೊದಲು ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ, ಮಣ್ಣು, ನೀರು ಎರಡನ್ನೂ ಪರೀಕ್ಷೆ ಮಾಡಿಸಿ. ಜಿಪ್ಸಂ ಬೇಕೋ ಬೇಡವೋ ಅದರಿಂದಲೇ ತಿಳಿಯುವುದು.

ಬದನೆ, ಮೆಣಸಿನಕಾಯಿ, ಚವಳಿಕಾಯಿ, ಪುಂಡಿ ಪಲ್ಲೆ ನಿಮ್ಮ ಹಿತ್ತಲಲ್ಲಿ ಸುಖವಾಗಿ ಬರುತ್ತವೆ. ಗುಲಾಬಿಯನ್ನು ಮಾತ್ರ ಮಸಾರಿ ಮಣ್ಣು, ಗೊಬ್ಬರ ತುಂಬಿದ ಕುಂಡಕ್ಕೆ ಸಾಗಿಸಿ.