ಆತ್ಮಹತ್ಯೆಯ ಮುನ್ಸೂಚನೆಗಳು ಮತ್ತು ಆಪ್ತರ ಕರ್ತವ್ಯ

ಆತ್ಮಹತ್ಯೆಯು ತಡೆಯಲಾಗದ ವಿಧಿಯೆಂಬ ನಂಬಿಕೆ ನಮ್ಮ ಸಮಾಜದಲ್ಲಿ ಬಹುಕಾಲದಿಂದ ಬೇರೂರಿದೆ. ಇದು ಸರಿಯಲ್ಲ. ಇಂತಹ ಆಲೋಚನೆಯುಳ್ಳವರಲ್ಲಿ ಅನೇಕರು ತಮ್ಮ ಸಂಕಟವನ್ನು ಮಾತಿನಲ್ಲೋ ನಡವಳಿಕೆಯಲ್ಲೋ ಮುಂಚಿತವಾಗಿ ಹೊರಗೆಡಹುತ್ತಾರೆ. ಅದನ್ನು ಗುರುತಿಸಿ, ಹತ್ತಿರ ಕುಳಿತು ಕೇಳುವವರು ದೊರೆತರೆ ಜೀವ ಉಳಿಯಬಲ್ಲದು.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಯಂತೆ 2022ರಲ್ಲಿ ದೇಶದಲ್ಲಿ 1,70,924 ಮಂದಿ ಆತ್ಮಹತ್ಯೆಯಿಂದ ಮೃತಪಟ್ಟರು. ಕೌಟುಂಬಿಕ ಸಮಸ್ಯೆ ಮತ್ತು ಅನಾರೋಗ್ಯ ಪ್ರಮುಖ ಕಾರಣಗಳೆಂದು ವರದಿ ದಾಖಲಿಸಿದೆ. ಆದರೆ ಒಂದೇ ಕಾರಣದಿಂದ ಇಂತಹ ಸಾವು ಸಂಭವಿಸುವುದು ವಿರಳ. ಮಾನಸಿಕ ಕಾಯಿಲೆ, ಸಾಲ, ಮದ್ಯವ್ಯಸನ, ಅಗಲಿಕೆ, ಒಂಟಿತನ ಮುಂತಾದವು ಒಂದರ ಮೇಲೊಂದು ಸೇರಿ ಮನುಷ್ಯನನ್ನು ಕಂಗೆಡಿಸುತ್ತವೆ.

ಮುನ್ಸೂಚನೆಗಳು

ಕೆಳಕಂಡ ಬದಲಾವಣೆಗಳನ್ನು ಮನೆಯವರೂ ಸ್ನೇಹಿತರೂ ಲಘುವಾಗಿ ಪರಿಗಣಿಸಬಾರದು:

• "ನಾನಿಲ್ಲದಿದ್ದರೆ ನಿಮಗೆಲ್ಲ ನೆಮ್ಮದಿ", "ಇನ್ನು ಬದುಕಿ ಪ್ರಯೋಜನವಿಲ್ಲ" ಎಂಬಂತಹ ಮಾತುಗಳು.
• ಬಂಧುಮಿತ್ರರಿಂದ ದೂರ ಸರಿಯುವುದು. ಪ್ರಿಯವಾಗಿದ್ದ ಕೆಲಸಗಳಲ್ಲಿ ಆಸಕ್ತಿ ಕಳೆದುಕೊಳ್ಳುವುದು.
• ನಿದ್ರೆ ಮತ್ತು ಊಟದಲ್ಲಿ ಗಮನಾರ್ಹ ಏರುಪೇರು. ಮದ್ಯ ಸೇವನೆ ಹೆಚ್ಚುವುದು.
• ಅಚ್ಚುಮೆಚ್ಚಿನ ವಸ್ತುಗಳನ್ನು ಹಂಚಿಬಿಡುವುದು. ವಿದಾಯ ಹೇಳುವಂತೆ ಮಾತನಾಡುವುದು.
• ಬಹುದಿನಗಳ ಕಳವಳದ ನಂತರ ಕಾರಣವಿಲ್ಲದೆ ಹಠಾತ್ತಾಗಿ ಶಾಂತವಾಗುವುದು.

ಈ ಹಿಂದೆ ಆತ್ಮಹತ್ಯೆಗೆ ಪ್ರಯತ್ನಿಸಿದ್ದವರ ವಿಷಯದಲ್ಲಿ ವಿಶೇಷ ಎಚ್ಚರ ಅಗತ್ಯ. "ಹೇಳುವವರು ಮಾಡುವುದಿಲ್ಲ" ಎಂಬ ಮಾತು ಅಪಾಯಕಾರಿಯಾದ ತಪ್ಪು ಕಲ್ಪನೆ.

ಊರಿನಿಂದ ದೂರ ಇರುವವರು

ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಗೆಂದು ಕರ್ನಾಟಕದ ಯುವಕ ಯುವತಿಯರು ದೆಹಲಿಯ ರಾಜಿಂದರ್ ನಗರ, ಮುಖರ್ಜಿ ನಗರಗಳಲ್ಲಿ ಬಾಡಿಗೆ ಕೋಣೆ ಹಿಡಿದು ಓದುತ್ತಾರೆ. ನೊಯ್ಡಾ, ಗುರುಗ್ರಾಮಗಳಲ್ಲಿ ದುಡಿಯುವವರೂ ಇದ್ದಾರೆ. ಇವರ ಮುಖವನ್ನು ಮನೆಯವರು ದಿನವೂ ಕಾಣಲಾರರು. ಕೇಳುವುದು ದನಿಯನ್ನು ಮಾತ್ರ. ವಾರಕ್ಕೆರಡು ಬಾರಿ ಮಾತನಾಡುತ್ತಿದ್ದ ಮಗ ಕರೆ ಸ್ವೀಕರಿಸುವುದನ್ನೇ ಬಿಟ್ಟರೆ, "ನಿಮ್ಮ ದುಡ್ಡೆಲ್ಲ ನನ್ನಿಂದ ಹಾಳಾಯಿತು" ಎಂದು ಪದೇ ಪದೇ ಹೇಳಿದರೆ, ಅದನ್ನು ಪರೀಕ್ಷೆಯ ಆಯಾಸವೆಂದಷ್ಟೇ ತಿಳಿಯಬಾರದು. ತಡಮಾಡದೆ ಮಾತನಾಡಬೇಕು, ಜೊತೆಗೆ ಸಮೀಪದಲ್ಲಿರುವ ಗೆಳೆಯರೊಬ್ಬರು ಖುದ್ದಾಗಿ ಹೋಗಿ ನೋಡುವಂತೆ ಏರ್ಪಾಡು ಮಾಡಬೇಕು.

ಕೇಳುವುದರಿಂದ ಕೇಡಿಲ್ಲ

ಸಾವಿನ ಮಾತೆತ್ತಿದರೆ ಇಲ್ಲದ ಆಲೋಚನೆಯನ್ನು ತಲೆಗೆ ತುಂಬಿದಂತಾದೀತೆಂದು ಹಲವರು ಅಂಜುತ್ತಾರೆ. ಈ ಅಂಜಿಕೆ ನಿರಾಧಾರವಾದುದು. "ಜೀವವೇ ಬೇಡ ಅನ್ನಿಸುತ್ತಿದೆಯೇನಪ್ಪಾ? ಸಾಯುವ ಯೋಚನೆ ಬರುತ್ತಿದೆಯೇ?" ಎಂದು ಸಮಾಧಾನದಿಂದ ನೇರವಾಗಿ ಕೇಳಿದಾಗ, ಒಳಗೇ ಹೊತ್ತು ಬಳಲಿದವರಿಗೆ ಭಾರ ಇಳಿಸುವ ಅವಕಾಶ ದೊರೆಯುತ್ತದೆ.

ಉತ್ತರವನ್ನು ನಡುವೆ ತಡೆಯದೆ ಆಲಿಸಬೇಕು. "ಇಷ್ಟಕ್ಕೆಲ್ಲ ಹೀಗಾದರೆ ಹೇಗೆ?" ಎಂಬ ಆಕ್ಷೇಪಣೆ, ಇತರರೊಡನೆ ಹೋಲಿಕೆ, ಉಪದೇಶ ಸಲ್ಲದು. ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಡಬಾರದು. ಗೌರವಕ್ಕೆ ಕುಂದು ಬಾರದಂತೆ ನಂಬಿಕೆಯ ಒಬ್ಬಿಬ್ಬರನ್ನು ಜೊತೆಗೆ ಸೇರಿಸಿಕೊಳ್ಳಬೇಕು. ಅಪಾಯ ಸನ್ನಿಹಿತವೆಂದು ತೋರಿದರೆ ಆ ವ್ಯಕ್ತಿಯನ್ನು ಒಂಟಿಯಾಗಿ ಬಿಡದೆ, ಹಾನಿ ಉಂಟುಮಾಡಬಹುದಾದ ವಸ್ತುಗಳು ಕೈಗೆ ಸಿಗದಂತೆ ನೋಡಿಕೊಂಡು, 112ಕ್ಕೆ ಕರೆ ಮಾಡಬೇಕು ಅಥವಾ ಸಮೀಪದ ಆಸ್ಪತ್ರೆಗೆ ಕರೆದೊಯ್ಯಬೇಕು.

ಕಾನೂನಿನ ಭಯ ಬೇಡ

ಮೊಕದ್ದಮೆಗೂ ಲೋಕಾಪವಾದಕ್ಕೂ ಹೆದರಿ ಆತ್ಮಹತ್ಯಾ ಪ್ರಯತ್ನವನ್ನು ಮುಚ್ಚಿಡುತ್ತಿದ್ದ ಕುಟುಂಬಗಳು ಹಲವು. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯ 115ನೇ ಪ್ರಕರಣದ ಪ್ರಕಾರ, ಅಂತಹ ಪ್ರಯತ್ನ ಮಾಡಿದವರು ತೀವ್ರ ಮಾನಸಿಕ ಒತ್ತಡಕ್ಕೆ ಒಳಗಾಗಿದ್ದರೆಂದೇ, ಅದಕ್ಕೆ ವಿರುದ್ಧವಾದುದು ಸಾಬೀತಾಗದ ಹೊರತು, ಭಾವಿಸತಕ್ಕದ್ದು. ಅವರಿಗೆ ಆರೈಕೆ, ಚಿಕಿತ್ಸೆ ಮತ್ತು ಪುನರ್ವಸತಿ ಒದಗಿಸುವುದು ಸರ್ಕಾರದ ಕರ್ತವ್ಯವಾಗಿದೆ. ಆದುದರಿಂದ ವೈದ್ಯರಲ್ಲಿ ನಿಜ ಸಂಗತಿಯನ್ನು ಮರೆಮಾಚಬೇಕಾಗಿಲ್ಲ.

ನೆರವು ಎಲ್ಲಿ?

2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಯ ದೂರವಾಣಿ ಸಂಖ್ಯೆ 14416. ಇದು ಉಚಿತ, ದಿನದ 24 ಗಂಟೆಯೂ ಲಭ್ಯ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಇದರ ರಾಷ್ಟ್ರೀಯ ಶೃಂಗ ಕೇಂದ್ರವಾಗಿದೆ. ಕರೆ ಮಾಡುವವರು ಕನ್ನಡವನ್ನು ಆರಿಸಿಕೊಳ್ಳಬಹುದು. ಮನಸ್ಸಿನ ನೋವನ್ನು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಹೇಳಿಕೊಳ್ಳಲು ತಡವರಿಸುವವರಿಗೆ ಇದು ದೊಡ್ಡ ಅನುಕೂಲ. ಸಂಕಟದಲ್ಲಿರುವವರಷ್ಟೇ ಅಲ್ಲ, ಅವರ ಬಗೆಗೆ ಚಿಂತಿತರಾದವರೂ ಸಲಹೆ ಪಡೆಯಬಹುದು. ದೆಹಲಿಯಲ್ಲಿ ದಿಲ್‌ಶಾದ್ ಗಾರ್ಡನ್‌ನ ಇಹ್ಬಾಸ್ ಸಂಸ್ಥೆ ಹಾಗೂ ಅಖಿಲ ಭಾರತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿ ಮನೋವೈದ್ಯಕೀಯ ಚಿಕಿತ್ಸೆಯುಂಟು.

ಒಮ್ಮೆ ವೈದ್ಯರನ್ನು ಕಂಡ ಮಾತ್ರಕ್ಕೆ ಆಪ್ತರ ಹೊಣೆ ಮುಗಿಯುವುದಿಲ್ಲ. ಆಸ್ಪತ್ರೆಯಿಂದ ಮರಳಿದ ಮೊದಲ ವಾರಗಳು ನಾಜೂಕಾದ ಕಾಲ. ಔಷಧೋಪಚಾರ ತಪ್ಪದಂತೆ, ಪುನಃ ಭೇಟಿಯ ದಿನ ಮರೆಯದಂತೆ ನೋಡಿಕೊಳ್ಳಬೇಕು. ಊಟವಾಯಿತೇ, ನಿದ್ರೆ ಬಂದಿತೇ ಎಂದು ವಿಚಾರಿಸುತ್ತಿರಬೇಕು. ತಾನು ಯಾರಿಗೂ ಭಾರವಲ್ಲವೆಂಬ ಭರವಸೆ ಇಂತಹ ದಿನನಿತ್ಯದ ವಿಚಾರಣೆಯಿಂದಲೇ ಮೂಡುತ್ತದೆ.