ಪಂಚನಾಮೆಯ ಬರಹ: ಲೋಕಾಯುಕ್ತ ತನಿಖಾಧಿಕಾರಿಯ ಕಾರ್ಯಸ್ವರೂಪ

ಮೈಸೂರಿನ ಪ್ರಾಚ್ಯ ಪುಸ್ತಕಭಾಂಡಾರಕ್ಕೆ ಬಂದ ತಾಳೆಯೋಲೆಯ ಪ್ರತಿಯನ್ನು ಆಧರಿಸಿ ವಿದ್ವಾನ್ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ೧೯೦೯ರಲ್ಲಿ ಪ್ರಕಟಿಸಿದಾಗ, ರಾಜಧನವನ್ನು ಅಧಿಕಾರಿಗಳು ಅಪಹರಿಸುವ ನಲವತ್ತು ಉಪಾಯಗಳ ಪಟ್ಟಿಯೊಂದು ಆಧುನಿಕ ಓದುಗರ ಕಣ್ಣಿಗೆ ಬಿದ್ದಿತು. ಅದೇ ಗ್ರಂಥದ ಕಂಟಕಶೋಧನವೆಂಬ ಅಧಿಕರಣದಲ್ಲಿ ಇನ್ನೊಂದು ಸ್ವಾರಸ್ಯವಾದ ವಿಧಿಯೂ ಉಂಟು. ಗೂಢಪುರುಷನು ವೇಷ ಮರೆಸಿಕೊಂಡು ಗ್ರಾಮಾಧಿಕಾರಿಯ ಬಳಿಗೋ ನ್ಯಾಯಾಧೀಶನ ಬಳಿಗೋ ಹೋಗಿ, ತನ್ನ ಬಂಧುವೊಬ್ಬನನ್ನು ಆಪತ್ತಿನಿಂದ ಪಾರುಮಾಡಬೇಕೆಂದು ಬೇಡಿ ತಾನಾಗಿಯೇ ಹಣವನ್ನು ಮುಂದೊಡ್ಡುವುದು, ಅದನ್ನು ಸ್ವೀಕರಿಸಿದ ಅಧಿಕಾರಿಯನ್ನು ಲಂಚಗ್ರಾಹಿಯೆಂದು ಗಡಿಪಾರು ಮಾಡುವುದು ಎಂಬುದೇ ಆ ವಿಧಿ.

ಇಂದಿನ ಲೋಕಾಯುಕ್ತ ತನಿಖಾಧಿಕಾರಿಗೆ ಈ ಮಾರ್ಗವು ನಿಷಿದ್ಧ. ಅಧಿಕಾರಿಯ ಮನಸ್ಸಿನಲ್ಲಿ ಇಲ್ಲದ ಆಸೆಯನ್ನು ತಾನೇ ಬಿತ್ತಿ, ಬೆಳೆದ ಮೇಲೆ ಕೊಯ್ಯುವ ಹಕ್ಕು ಅವನಿಗಿಲ್ಲ. ಬೇಡಿಕೆ ಮೊದಲು ಆ ಕಡೆಯಿಂದ ಬಂದಿರಬೇಕು. ತನಿಖಾಧಿಕಾರಿಯು ಅದಕ್ಕೆ ಸಾಕ್ಷಿಯನ್ನು ಒದಗಿಸಬೇಕು. ಅವನ ಉದ್ಯೋಗದ ಕಷ್ಟವೆಲ್ಲ ಈ ಒಂದು ಭೇದದಲ್ಲಿ ಅಡಗಿದೆ. ವೃತ್ತಪತ್ರಿಕೆಗಳಲ್ಲಿ ದಾಳಿಯ ಚಿತ್ರಗಳನ್ನು ನೋಡುವ ಜನರು ಇದೊಂದು ಬೇಟೆಯೆಂದು ಭಾವಿಸುವುದುಂಟು. ವಸ್ತುತಃ ಇದು ಬಹುಮಟ್ಟಿಗೆ ಬರಹದ ಕೆಲಸ.

ಸಂಸ್ಥೆಯ ಇತಿಹಾಸವನ್ನು ಸಂಕ್ಷೇಪವಾಗಿ ಹೇಳಬಹುದು. ಕರ್ನಾಟಕ ಲೋಕಾಯುಕ್ತ ಅಧಿನಿಯಮವು ೧೯೮೪ರಲ್ಲಿ ರೂಪುಗೊಂಡು ೧೯೮೬ರ ಜನವರಿಯಲ್ಲಿ ಜಾರಿಗೆ ಬಂದಿತು. ಅದಕ್ಕೆ ಹಿಂದೆ ರಾಜ್ಯ ಜಾಗೃತಿ ಆಯೋಗವು ಈ ಕಾರ್ಯವನ್ನು ನಿರ್ವಹಿಸುತ್ತಿತ್ತು. ಸರ್ವೋಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಎ. ಡಿ. ಕೋಶಲ್ ಅವರು ಪ್ರಥಮ ಲೋಕಾಯುಕ್ತರು. ೨೦೦೧ರಿಂದ ೨೦೦೬ರವರೆಗೆ ನ್ಯಾಯಮೂರ್ತಿ ಎನ್. ವೆಂಕಟಾಚಲ, ಅವರ ತರುವಾಯ ೨೦೧೧ರವರೆಗೆ ನ್ಯಾಯಮೂರ್ತಿ ಎನ್. ಸಂತೋಷ ಹೆಗ್ಡೆ ಅವರು ಆ ಪೀಠದಲ್ಲಿದ್ದ ಕಾಲದಲ್ಲಿ ಸಂಸ್ಥೆಯ ಹೆಸರು ಹಳ್ಳಿಹಳ್ಳಿಗೂ ಮುಟ್ಟಿತು. ೨೦೧೬ರ ಮಾರ್ಚಿಯಲ್ಲಿ ಸರ್ಕಾರವು ಭ್ರಷ್ಟಾಚಾರ ನಿಗ್ರಹ ದಳವನ್ನು ಬೇರೆಯಾಗಿ ಸ್ಥಾಪಿಸಿ, ಲಂಚದ ಅಪರಾಧಗಳ ತನಿಖೆಯನ್ನು ಲೋಕಾಯುಕ್ತ ಪೊಲೀಸರ ಕೈಯಿಂದ ತೆಗೆದು ಅದಕ್ಕೆ ವಹಿಸಿತು. ರಾಜ್ಯದ ಉಚ್ಚ ನ್ಯಾಯಾಲಯವು ೨೦೨೨ರ ಆಗಸ್ಟ್ ೧೧ರಂದು ಆ ಆದೇಶವನ್ನು ರದ್ದುಪಡಿಸಿದ ಮೇಲೆ ಅಧಿಕಾರವು ಮರಳಿ ಲೋಕಾಯುಕ್ತಕ್ಕೆ ಬಂದಿತು. ಕಡತಗಳು ಹೀಗೆ ಒಂದು ಕಚೇರಿಯಿಂದ ಇನ್ನೊಂದಕ್ಕೆ ಹೋಗಿ ಬಂದುದರಿಂದ, ಕೆಲವು ಮೊಕದ್ದಮೆಗಳಲ್ಲಿ ಆರಂಭಿಸಿದವರು ಒಬ್ಬರು, ಮುಗಿಸುವವರು ಇನ್ನೊಬ್ಬರು.

ಈ ಕಾನೂನಿನ ಕೈ ತಹಸೀಲದಾರರ ಕಚೇರಿಯಲ್ಲಿಯೇ ನಿಲ್ಲುವುದಿಲ್ಲ. ೧೯೮೮ರ ಭ್ರಷ್ಟಾಚಾರ ಪ್ರತಿಬಂಧಕ ಅಧಿನಿಯಮವು ‘ಲೋಕಸೇವಕ’ ಎಂಬ ಶಬ್ದಕ್ಕೆ ಕೊಟ್ಟಿರುವ ಅರ್ಥವ್ಯಾಪ್ತಿ ಬಹು ವಿಸ್ತಾರವಾದುದು. ಸರ್ಕಾರದಿಂದ ಧನಸಹಾಯ ಪಡೆದ ಕೃಷಿ, ಉದ್ಯಮ, ವ್ಯಾಪಾರ ಅಥವಾ ಬ್ಯಾಂಕಿಂಗ್ ಸಹಕಾರಿ ಸಂಘದ ಅಧ್ಯಕ್ಷನೂ ಕಾರ್ಯದರ್ಶಿಯೂ ಅದರೊಳಗೆ ಬರುತ್ತಾರೆ. ಸಹಕಾರಿ ಸಕ್ಕರೆ ಕಾರ್ಖಾನೆಗಳೂ ಪತ್ತಿನ ಸಂಘಗಳೂ ದಟ್ಟವಾಗಿರುವ ಚಿಕ್ಕೋಡಿ, ರಾಯಬಾಗ, ಅಥಣಿಗಳ ಸೀಮೆಯಲ್ಲಿ ಇದು ಸಾಮಾನ್ಯ ಸಂಗತಿಯಲ್ಲ. ಸರ್ಕಾರದ ಅನುದಾನವನ್ನು ಪಡೆಯುವ ಅಥವಾ ಹಿಂದೆ ಪಡೆದಿದ್ದ ವಿದ್ಯಾಸಂಸ್ಥೆಯ ಪದಾಧಿಕಾರಿಗಳೂ ನೌಕರರೂ ಸಹ ಲೋಕಸೇವಕರೇ. ಅನುದಾನಿತ ಶಾಲೆಯ ಶಿಕ್ಷಕರಲ್ಲಿ ಇದನ್ನು ತಿಳಿದವರು ವಿರಳ.

ದೂರು ಕೊಡುವ ದಾರಿ ಎರಡು. ಅವುಗಳನ್ನು ಜನರು ಒಂದೆಂದೇ ತಿಳಿಯುತ್ತಾರೆ. ಕೆಲಸದಲ್ಲಿ ವಿಳಂಬ, ಪಕ್ಷಪಾತ, ದುರಾಡಳಿತ ಇವುಗಳ ವಿಷಯದಲ್ಲಿ ೧ ಮತ್ತು ೨ನೆಯ ನಮೂನೆಗಳನ್ನು ತುಂಬಿ ಪ್ರಮಾಣಪತ್ರ ಸಹಿತವಾಗಿ ಲೋಕಾಯುಕ್ತರಿಗೆ ಸಲ್ಲಿಸುವುದು ಒಂದು. ಅದರ ಫಲ ಸಾಮಾನ್ಯವಾಗಿ ಇಲಾಖಾ ವಿಚಾರಣೆ. ತಾಲೂಕು ಸ್ಥಳಗಳಲ್ಲಿ ಅಧಿಕಾರಿಗಳು ಅಹವಾಲು ಸ್ವೀಕರಿಸಲು ಬಂದಾಗ ಈ ನಮೂನೆಗಳು ದೊರೆಯುತ್ತವೆ. ಲಂಚ ಕೇಳಿದ ಸಂದರ್ಭದಲ್ಲಿ ನೇರವಾಗಿ ಬೆಳಗಾವಿಯ ಲೋಕಾಯುಕ್ತ ಪೊಲೀಸ್ ಠಾಣೆಗೆ ಹೋಗಿ ಫಿರ್ಯಾದಿ ಕೊಡುವುದು ಎರಡನೆಯದು. ಅಥಣಿಯ ರೈತನಿಗೆ ಬೆಳಗಾವಿ ನೂರು ಕಿಲೋಮೀಟರಿಗೂ ಮೀರಿದ ದಾರಿ. ಬಸ್ಸಿನಲ್ಲಿ ಹೋಗಿ ಬರುವುದರಲ್ಲಿ ಒಂದು ದಿನ ಕಳೆಯುತ್ತದೆ.

ಒಂದು ಕಲ್ಪಿತ ನಿದರ್ಶನವನ್ನು ತೆಗೆದುಕೊಳ್ಳಬಹುದು. ಕೃಷ್ಣಾ ತೀರದ ಹಳ್ಳಿಯೊಂದರಲ್ಲಿ ತಂದೆ ತೀರಿಕೊಂಡ ಮೇಲೆ ಮಗನು ಉತಾರದಲ್ಲಿ ವಾರಸಾ ಹಚ್ಚಿಸಲು ಅರ್ಜಿ ಕೊಡುತ್ತಾನೆ. ಮಹಾಪೂರದ ಪರಿಹಾರವಾಗಲಿ ಸೊಸೈಟಿಯ ಬೆಳೆಸಾಲವಾಗಲಿ ಉತಾರದಲ್ಲಿ ಹೆಸರಿಲ್ಲದೆ ದೊರೆಯದು. ಹಿಂದೆ ಗ್ರಾಮಲೆಕ್ಕಿಗನೆನಿಸಿ ಈಗ ಗ್ರಾಮ ಆಡಳಿತ ಅಧಿಕಾರಿಯೆನಿಸಿಕೊಂಡರೂ ಜನರ ಬಾಯಲ್ಲಿ ಇಂದಿಗೂ ತಲಾಠಿಯಾಗಿಯೇ ಉಳಿದಿರುವ ನೌಕರನು ಕಾಗದವನ್ನು ನೋಡಿ ಸುಮ್ಮನಿರುತ್ತಾನೆ. ಲಂಚವೆಂಬ ಮಾತನ್ನು ಅವನೆಂದೂ ಉಚ್ಚರಿಸನು. ‘ಚಹಾಪಾಣಿ ನೋಡ್ರಿ’ ಎನ್ನಬಹುದು, ‘ಕಾಗದದ ಮ್ಯಾಲ ವಜನ ಇಲ್ಲ’ ಎನ್ನಬಹುದು. ನಿಪ್ಪಾಣಿ, ಕಾಗವಾಡಗಳ ಕಡೆ ಮಾತು ಮರಾಠಿಗೆ ಹೊರಳಿ ‘ಜರಾ ಬಘಾ’ ಎಂಬಲ್ಲಿಗೇ ನಿಲ್ಲಬಹುದು. ವ್ಯಾಕರಣದ ದೃಷ್ಟಿಯಿಂದ ಇವೆಲ್ಲ ನಿರುಪದ್ರವಿ ವಾಕ್ಯಗಳು. ಅಭಿಧಾರ್ಥದಲ್ಲಿ ಅಪರಾಧವಿಲ್ಲ, ವ್ಯಂಗ್ಯಾರ್ಥದಲ್ಲಿ ಮಾತ್ರ ಉಂಟು. ನ್ಯಾಯಾಲಯದ ಮುಂದೆ ಆ ವ್ಯಂಗ್ಯವನ್ನು ಸಿದ್ಧಪಡಿಸಬೇಕಾದ ಹೊಣೆ ತನಿಖಾಧಿಕಾರಿಯದು.

ಆದುದರಿಂದ ಅನುಭವಿಯಾದ ಅಧಿಕಾರಿಯು ಫಿರ್ಯಾದಿಯನ್ನು ತನ್ನ ಮಾತಿನಲ್ಲಿ ತಿದ್ದಿ ಬರೆಯಿಸುವುದಿಲ್ಲ. ಆಡಿದ ಮಾತು ಯಾವ ಭಾಷೆಯಲ್ಲಿತ್ತೋ ಆ ಭಾಷೆಯಲ್ಲಿಯೇ ಬರೆಯಿಸಿ, ಅದರ ಅರ್ಥವನ್ನು ಪಕ್ಕದಲ್ಲಿ ಕೊಡಿಸುತ್ತಾನೆ. ಮರಾಠಿಯ ಮೂರು ಶಬ್ದಗಳನ್ನು ‘ಆರೋಪಿಯು ಲಂಚಕ್ಕಾಗಿ ಬೇಡಿಕೆ ಇಟ್ಟನು’ ಎಂದು ಕಚೇರಿಯ ಕನ್ನಡಕ್ಕೆ ತಿರುಗಿಸಿಬಿಟ್ಟರೆ ಬರಹವು ಚೊಕ್ಕಟವಾಗಿ ಕಾಣುತ್ತದೆ. ಆದರೆ ಪಾಟೀಸವಾಲಿನಲ್ಲಿ ಆ ಚೊಕ್ಕಟತನವೇ ಮುಳುವಾಗುತ್ತದೆ. ಈಚೆಗೆ ಫಿರ್ಯಾದಿದಾರನ ಕೈಯಲ್ಲಿ ಧ್ವನಿಮುದ್ರಣದ ಚಿಕ್ಕ ಯಂತ್ರವನ್ನು ಕೊಟ್ಟು ಕಳುಹಿಸಿ, ಬೇಡಿಕೆ ನಿಜವೇ ಎಂಬುದನ್ನು ಮೊದಲು ಪರೀಕ್ಷಿಸುವ ಕ್ರಮವುಂಟು. ಸುಳ್ಳು ದೂರುಗಳೂ ಬರುತ್ತವೆ. ಹಳೆಯ ಹಗೆಯನ್ನು ತೀರಿಸಿಕೊಳ್ಳಲು ಬಂದವನನ್ನು ಈ ಹಂತದಲ್ಲಿಯೇ ಗುರುತಿಸಿ ಹಿಂದೆ ಕಳುಹಿಸುವುದೂ ಅಧಿಕಾರಿಯ ಕರ್ತವ್ಯವೇ.

ಲಂಚ ಕೊಡುವುದು ಸಹ ಅಪರಾಧವಲ್ಲವೆ, ದೂರು ಕೊಡಲು ಹೋದವನೇ ಸಿಕ್ಕಿಬಿದ್ದರೆ ಹೇಗೆ ಎಂಬ ಭಯ ರೈತನಿಗೆ ಸಹಜ. ೨೦೧೮ರ ತಿದ್ದುಪಡಿಯ ಅನಂತರ ಕೊಡುವವನೂ ಅಪರಾಧಿಯೇ ಹೌದು. ಆದರೆ ಬಲವಂತದಿಂದ ಕೊಟ್ಟವನು ಏಳು ದಿನಗಳೊಳಗೆ ತಿಳಿಸಿದರೆ ಅವನಿಗೆ ದೋಷವಿಲ್ಲ. ಮೊದಲೇ ಪೊಲೀಸರಿಗೆ ತಿಳಿಸಿ ಅವರ ಸಹಾಯಕ್ಕಾಗಿ ಹಣ ಕೊಟ್ಟವನಿಗೂ ದೋಷವಿಲ್ಲ.

ಫಿರ್ಯಾದಿ ದಾಖಲಾದ ಮೇಲೆ ಇಬ್ಬರು ಪಂಚರನ್ನು ಕರೆಯಿಸಲಾಗುತ್ತದೆ. ಅವರು ಸಾಮಾನ್ಯವಾಗಿ ಬೇರೆ ಯಾವುದಾದರೂ ಸರ್ಕಾರಿ ಕಚೇರಿಯ ನೌಕರರು. ಪಂಚನಾಮೆ ಎಂಬ ಶಬ್ದವನ್ನು ಇಲ್ಲಿ ಗಮನಿಸತಕ್ಕುದು. ಪೂರ್ವಪದ ಸಂಸ್ಕೃತ, ಉತ್ತರಪದವು ಬರಹವೆಂಬ ಅರ್ಥದ ಪಾರಸೀ ಮಾತು. ದಕ್ಷಿಣದ ಜಿಲ್ಲೆಗಳವರು ಇದನ್ನೇ ಮಹಜರು ಎನ್ನುತ್ತಾರೆ. ಅದು ಅರಬ್ಬೀ ಮೂಲದ್ದು, ಸನ್ನಿಧಿ ಎಂಬುದು ಅದರ ಅರ್ಥ. ಒಂದು ಹೆಸರು ಬರಹವನ್ನು ಹೇಳಿದರೆ ಇನ್ನೊಂದು ಎದುರಿಗಿದ್ದು ನೋಡಿದುದನ್ನು ಹೇಳುತ್ತದೆ. ಈ ದಸ್ತಾವೇಜಿಗೆ ಎರಡೂ ಬೇಕು.

ಫಿರ್ಯಾದಿದಾರನು ತಂದ ನೋಟುಗಳ ಅಂಕಿಗಳನ್ನು ಬರೆದುಕೊಂಡು, ಅವುಗಳಿಗೆ ಫಿನಾಫ್ತಲೀನ್ ಎಂಬ ಬಿಳಿಯ ಪುಡಿಯನ್ನು ಲೇಪಿಸುತ್ತಾರೆ. ಈ ಪುಡಿ ಸೋಡಿಯಂ ಕಾರ್ಬೊನೇಟಿನ ಕ್ಷಾರದ್ರಾವಣದಲ್ಲಿ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಪಂಚರ ಮುಂದೆ ಇದನ್ನು ಒಮ್ಮೆ ಮಾಡಿ ತೋರಿಸಿ, ನೋಟುಗಳನ್ನು ಫಿರ್ಯಾದಿದಾರನ ಜೇಬಿನಲ್ಲಿರಿಸಿ, ಕೇಳಿದರೆ ಮಾತ್ರ ಕೊಡಬೇಕೆಂದು ತಿಳಿಹೇಳುತ್ತಾರೆ. ಕೈಕುಲುಕಬಾರದೆಂಬ ಎಚ್ಚರಿಕೆಯನ್ನೂ ಕೊಡುತ್ತಾರೆ. ಪುಡಿ ತಾಗಿದ ಕೈಯನ್ನು ಹಿಡಿದ ಮಾತ್ರಕ್ಕೆ ನಿರಪರಾಧಿಯ ಅಂಗೈಯೂ ಗುಲಾಬಿಯಾಗಬಹುದಷ್ಟೆ. ಪಂಚರಲ್ಲಿ ಒಬ್ಬನು ನೆರಳಿನಂತೆ ಜೊತೆಯಲ್ಲಿ ಹೋಗಿ ಮಾತುಕತೆಯನ್ನು ಕೇಳಬೇಕು. ಹಣ ಕೈದಾಟಿದ ಮೇಲೆ, ಟವೆಲಿನಿಂದ ಮುಖ ಒರೆಸಿಕೊಳ್ಳುವಂತಹ ಮೊದಲೇ ಗೊತ್ತುಪಡಿಸಿದ ಸಂಜ್ಞೆಯಾಗುತ್ತಲೆ ಅಧಿಕಾರಿಗಳು ಒಳನುಗ್ಗಿ ತಮ್ಮ ಪರಿಚಯ ಹೇಳಿ, ಆರೋಪಿಯ ಬಲಗೈಯನ್ನೂ ಎಡಗೈಯನ್ನೂ ಬೇರೆಬೇರೆಯಾಗಿ ತೊಳೆಸಿ, ಆ ನೀರನ್ನು ಬೇರೆಬೇರೆ ಸೀಸೆಗಳಲ್ಲಿ ಮೊಹರು ಮಾಡುತ್ತಾರೆ. ನೋಟುಗಳು ಎಲ್ಲಿ ದೊರೆತವು, ಟೇಬಲ್ಲಿನ ಖಾನೆಯಲ್ಲಿಯೋ ಅಂಗಿಯ ಜೇಬಿನಲ್ಲಿಯೋ, ಅವುಗಳನ್ನು ಹೊರತೆಗೆದವರು ಯಾರು, ಆಗ ಆರೋಪಿಯು ಕೊಟ್ಟ ಸಮಜಾಯಿಷಿ ಏನು ಎಂಬುದೆಲ್ಲ ಅಲ್ಲಿಯೇ, ಆಗಲೇ, ಪಂಚನಾಮೆಗೆ ಇಳಿಯಬೇಕು. ೨೦೨೪ರ ಜುಲೈಯಲ್ಲಿ ಹೊಸ ನಾಗರಿಕ ಸುರಕ್ಷಾ ಸಂಹಿತೆ ಜಾರಿಗೆ ಬಂದ ಮೇಲೆ ಶೋಧ ಮತ್ತು ಜಪ್ತಿಗಳ ದೃಶ್ಯ-ಧ್ವನಿಮುದ್ರಣವೂ ಕಡ್ಡಾಯವಾಗಿದೆ.

ಗುಲಾಬಿ ಬಣ್ಣ ಕಂಡಿತೆಂದರೆ ಅಪರಾಧ ಸಿದ್ಧವಾಯಿತೆಂದು ಜನರ ನಂಬಿಕೆ. ಸರ್ವೋಚ್ಚ ನ್ಯಾಯಾಲಯವು ೨೦೧೪ರ ಬಿ. ಜಯರಾಜ್ ಪ್ರಕರಣದಲ್ಲಿ, ಬೇಡಿಕೆ ಸಿದ್ಧವಾಗದಿದ್ದರೆ ಹಣ ದೊರೆತ ಮಾತ್ರಕ್ಕೆ ಶಿಕ್ಷೆ ಸಲ್ಲದೆಂದು ಸ್ಪಷ್ಟಪಡಿಸಿತು. ಫಿರ್ಯಾದಿದಾರನು ತೀರಿಹೋದರೆ ಅಥವಾ ಮಾತು ತಿರುಗಿಸಿದರೆ ಗತಿಯೇನು ಎಂಬ ಪ್ರಶ್ನೆಗೆ ೨೦೨೨ರ ಡಿಸೆಂಬರಿನಲ್ಲಿ, ನೀರಜ್ ದತ್ತಾ ಪ್ರಕರಣದಲ್ಲಿ, ಸಂವಿಧಾನ ಪೀಠವು ಉತ್ತರ ಕೊಟ್ಟಿತು: ಇತರ ಸಾಕ್ಷಿಗಳಿಂದಲೂ ಸಾಂದರ್ಭಿಕ ಪುರಾವೆಗಳಿಂದಲೂ ಬೇಡಿಕೆಯನ್ನು ಸಿದ್ಧಪಡಿಸಬಹುದು, ಆದರೆ ಬೇಡಿಕೆ ಸಿದ್ಧವಾಗಲೇಬೇಕು. ಹೀಗೆ ನೆರಳು ಸಾಕ್ಷಿಯ ಕಿವಿಗೆ ಬಿದ್ದ ನಾಲ್ಕು ಮಾತಿನ ಬೆಲೆ ಸೀಸೆಯ ನೀರಿಗಿಂತ ಹಿರಿದಾಯಿತು. ಕನ್ನಡವಷ್ಟೇ ಬಲ್ಲ ಪಂಚನನ್ನು ಮರಾಠಿಯಲ್ಲಿ ವ್ಯವಹಾರ ನಡೆಯುವ ಕಚೇರಿಗೆ ಕಳುಹಿಸಿದರೆ ಅವನು ಹಣವನ್ನು ನೋಡಿಯಾನು, ಬೇಡಿಕೆಯನ್ನು ಕೇಳಲಾರನು. ಈ ಐದು ತಾಲೂಕುಗಳನ್ನು ಬಲ್ಲ ಅಧಿಕಾರಿಯು ಎರಡೂ ಭಾಷೆ ತಿಳಿದ ಪಂಚನನ್ನೇ ಹುಡುಕುತ್ತಾನೆ.

ಆದಾಯಕ್ಕೆ ಮೀರಿದ ಆಸ್ತಿಯ ತನಿಖೆ ಬೇರೊಂದು ಬಗೆಯದು. ಪೊಲೀಸ್ ವರಿಷ್ಠಾಧಿಕಾರಿಗೆ ಕಡಿಮೆಯಲ್ಲದ ದರ್ಜೆಯವರ ಆದೇಶವಿಲ್ಲದೆ ಇದನ್ನು ಆರಂಭಿಸುವಂತಿಲ್ಲ. ತನಿಖೆ ನಡೆಸುವವನು ಉಪಾಧೀಕ್ಷಕನಾಗಿರಬೇಕು, ಇಲ್ಲವೆ ಸರ್ಕಾರದಿಂದ ಅಧಿಕಾರ ಪಡೆದ ಇನ್‌ಸ್ಪೆಕ್ಟರನಾಗಿರಬೇಕು. ಬೆಳಗಿನ ಜಾವದ ಶೋಧದಲ್ಲಿ ದೊರೆತ ಬಂಗಾರದ ತೊಲೆಗಳನ್ನು ಪತ್ರಿಕೆಗಳು ಎಣಿಸಿ ಬರೆಯುತ್ತವೆ. ಅನಂತರ ತಿಂಗಳುಗಟ್ಟಲೆ ನಡೆಯುವ ಲೆಕ್ಕವನ್ನು ಯಾರೂ ಬರೆಯುವುದಿಲ್ಲ. ನಿಗದಿಯಾದ ಅವಧಿಯ ಆಸ್ತಿಯನ್ನೂ ವೆಚ್ಚವನ್ನೂ ಕೂಡಿಸಿ, ಅದರಲ್ಲಿ ನ್ಯಾಯವಾದ ಆದಾಯವನ್ನು ಕಳೆಯಬೇಕು. ೧೯೭೭ರ ಕೃಷ್ಣಾನಂದ ಅಗ್ನಿಹೋತ್ರಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಶೇಕಡಾ ಹತ್ತರೊಳಗಿನ ಹೆಚ್ಚಳಕ್ಕೆ ರಿಯಾಯಿತಿ ತೋರಿತು.

ಈ ಸೀಮೆಯಲ್ಲಿ ಆರೋಪಿಯ ಮೊದಲ ಉತ್ತರ ‘ಹೊಲದ ಉತ್ಪನ್ನ’ ಎಂಬುದು. ಕಬ್ಬಾದರೆ ಪರೀಕ್ಷೆ ಸುಲಭ. ಕಾರ್ಖಾನೆಯ ತೂಕದ ಚೀಟಿ, ಟನ್ನಿನ ದರ, ಬ್ಯಾಂಕಿಗೆ ಜಮೆಯಾದ ಬಿಲ್ಲು, ಉತಾರದ ಬೆಳೆಯ ಕಲಮು ಇವೆಲ್ಲ ಒಂದಕ್ಕೊಂದು ಹೊಂದಬೇಕು. ಕಬ್ಬು ಹನ್ನೆರಡು ತಿಂಗಳಿಗೂ ಮೀರಿ ಹೊಲದಲ್ಲಿ ನಿಲ್ಲುವ ಬೆಳೆಯಾದುದರಿಂದ ವರ್ಷಕ್ಕೆ ಎರಡು ಬೆಳೆಯ ಲೆಕ್ಕ ತೋರಿಸಿದವನು ತಾನಾಗಿಯೇ ಸಿಕ್ಕಿಬೀಳುತ್ತಾನೆ. ನಿಪ್ಪಾಣಿಯ ತಂಬಾಕಿನಲ್ಲಿ ಇಷ್ಟು ಸೌಲಭ್ಯವಿಲ್ಲ. ವ್ಯಾಪಾರಿಯ ಕೈಚೀಟಿಯ ಮೇಲೆ ನಡೆದ ರೋಖ ವ್ಯವಹಾರವನ್ನು ನಂಬುವುದೂ ಕಷ್ಟ, ಅಲ್ಲಗಳೆಯುವುದೂ ಕಷ್ಟ. ಅಧಿಕಾರಿಯ ಪ್ರಾಮಾಣಿಕತೆಗೆ ಪರೀಕ್ಷೆ ಇಲ್ಲಿಯೇ ಎಂದರೂ ಸಲ್ಲುತ್ತದೆ. ನಿಜವಾಗಿ ದುಡಿದು ಬೆಳೆದ ಕುಟುಂಬದ ಆದಾಯವನ್ನು ದಾಖಲೆಯಿಲ್ಲವೆಂದು ಹೊಡೆದುಹಾಕುವುದೂ ಅನ್ಯಾಯವೇ.

ಮೇಲೆ ಗಡಿಯ ತೊಡಕು. ಕಾಗವಾಡದಿಂದ ಮೀರಜ, ನಿಪ್ಪಾಣಿಯಿಂದ ಕೊಲ್ಹಾಪುರ ಕೂಗಳತೆಯಲ್ಲಿವೆ. ಬಾಂಧವ್ಯಗಳು ಗಡಿಯನ್ನು ದಾಟಿವೆ, ಆಸ್ತಿಗಳೂ ದಾಟುತ್ತವೆ. ಮಹಾರಾಷ್ಟ್ರದ ನೋಂದಣಿ ಕಚೇರಿಗಳಿಂದ ನಕಲು ಪಡೆಯಲು ಪತ್ರವ್ಯವಹಾರ ಬೆಳೆಯುತ್ತದೆ. ಪಿತ್ರಾರ್ಜಿತವೋ ಸ್ವಯಾರ್ಜಿತವೋ ಎಂಬ ಪ್ರಶ್ನೆ ಎದ್ದರೆ ಹಳೆಯ ಕಾಗದಗಳಿಗೆ ಹೋಗಬೇಕು. ರಾಯಬಾಗವು ೧೯೪೯ರಲ್ಲಿ ವಿಲೀನವಾಗುವವರೆಗೆ ಕೊಲ್ಹಾಪುರ ಸಂಸ್ಥಾನದಲ್ಲಿದ್ದುದರಿಂದ ಅಲ್ಲಿಯ ಹಳೆಯ ದಸ್ತಾವೇಜುಗಳನ್ನು ಓದಲು ಮೋಡಿ ಲಿಪಿ ಬಲ್ಲವರು ಬೇಕು. ಅಂಥವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ೨೦೧೮ರಲ್ಲಿ ಚಿಕ್ಕೋಡಿಯಿಂದ ನಿಪ್ಪಾಣಿಯೂ ಅಥಣಿಯಿಂದ ಕಾಗವಾಡವೂ ಬೇರೆ ತಾಲೂಕುಗಳಾದುದರಿಂದ, ಒಂದು ಕಾಗದಕ್ಕಾಗಿ ಎರಡು ಕಚೇರಿಗಳಲ್ಲಿ ವಿಚಾರಿಸಬೇಕಾದ ಪ್ರಸಂಗಗಳೂ ಉಂಟು.

ತನಿಖೆ ಮುಗಿದರೂ ಆರೋಪಪಟ್ಟಿಗೆ ದಾರಿ ತೆರೆಯುವುದಿಲ್ಲ. ಆರೋಪಿಯನ್ನು ಸೇವೆಯಿಂದ ತೆಗೆಯಲು ಅಧಿಕಾರವುಳ್ಳ ಪ್ರಾಧಿಕಾರದ ಮಂಜೂರಾತಿ ಬೇಕು. ಮೂರು ತಿಂಗಳಲ್ಲಿ, ಕಾನೂನು ಸಲಹೆ ಬೇಕಾದರೆ ಇನ್ನೊಂದು ತಿಂಗಳಲ್ಲಿ ತೀರ್ಮಾನಿಸಲು ಯತ್ನಿಸಬೇಕೆಂದು ಕಾನೂನು ಹೇಳಿದೆ. ವಿಚಾರಣೆಯನ್ನು ಎರಡು ವರ್ಷಗಳಲ್ಲಿ ಮುಗಿಸಲು ಯತ್ನಿಸಬೇಕೆಂದೂ ಹೇಳಿದೆ. ಯತ್ನಕ್ಕೂ ಸಿದ್ಧಿಗೂ ನಡುವೆ ಇರುವ ಅಂತರವನ್ನು ಕೋರ್ಟಿನ ಅಂಗಳದಲ್ಲಿ ಕುಳಿತವರು ಬಲ್ಲರು.

ಅಷ್ಟರಲ್ಲಿ ರೈತನು ತನ್ನ ಹಳ್ಳಿಯಲ್ಲಿಯೇ ಬಾಳಬೇಕು. ಉತಾರಕ್ಕೆ ಮತ್ತೆ ಅದೇ ಚಾವಡಿಗೆ ಹೋಗಬೇಕು. ಊರ ಹಿರಿಯರು ಬಂದು ‘ಅವನಿಗೂ ಮಕ್ಕಳುಮರಿ ಅದಾವ’ ಎಂದು ಸಮಾಧಾನ ಹೇಳುತ್ತಾರೆ. ಬೆಳಗಾವಿಯ ವಿಶೇಷ ನ್ಯಾಯಾಲಯದ ಕಟಕಟೆಯಲ್ಲಿ ನಿಂತಾಗ ‘ನೆನಪಿಲ್ಲರಿ’ ಎಂಬ ಮಾತು ಹೊರಬಿದ್ದರೆ ಅವನನ್ನು ನಿಂದಿಸುವುದು ಸುಲಭ. ತನಿಖಾಧಿಕಾರಿಯು ಆ ವೇಳೆಗೆ ಬೀದರಕ್ಕೋ ಚಾಮರಾಜನಗರಕ್ಕೋ ವರ್ಗವಾಗಿ ಹೋಗಿರುತ್ತಾನೆ. ಸಮನ್ಸು ಮುಟ್ಟಿದಾಗ ರಾತ್ರಿಯ ಗಾಡಿ ಹಿಡಿದು ಬಂದು ಸಾಕ್ಷಿ ಹೇಳಬೇಕು. ಆರೋಪಿಯ ವಕೀಲರು ಹಳೆಯ ಪಂಚನಾಮೆಯನ್ನು ಕೈಗೆತ್ತಿಕೊಂಡು, ನೆರಳು ಸಾಕ್ಷಿಯು ಬಾಗಿಲ ಹೊರಗಿದ್ದನೋ ಒಳಗಿದ್ದನೋ, ಆಡಿದ ಮಾತು ಕನ್ನಡವೋ ಮರಾಠಿಯೋ, ಮೊದಲು ತೊಳೆಸಿದುದು ಬಲಗೈಯೋ ಎಡಗೈಯೋ ಎಂದು ಒಂದೊಂದೇ ಪ್ರಶ್ನೆಯನ್ನು ಕೇಳತೊಡಗುತ್ತಾರೆ. ಅವನು ತನ್ನ ಬರಹದ ಆ ಸಾಲನ್ನು ಹುಡುಕಿ ಓದುತ್ತಾನೆ.